ಬೋನ್ ಸೆಟ್‌ನ ಋಣ

ವೈದ್ಯಕೀಯ ಕಾಲೇಜುಗಳ ಹಾಸ್ಟೆಲಿನಲ್ಲಿ ‘ಬೋನ್ ಸೆಟ್’, ಅಂದರೆ ಪಾಠಕ್ಕೆ ಬಳಸುವ ನಿಜವಾದ ಮನುಷ್ಯರ ಎಲುಬುಗಳ ಕಟ್ಟು, ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹಳೆಯ ಪಠ್ಯಪುಸ್ತಕದ ಹಾಗೆ ದಾಟುತ್ತದೆ. ತೊಡೆಯ ಎಲುಬನ್ನು ಕೈಗೆತ್ತಿಕೊಂಡರೆ ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು ಬಣ್ಣ, ಬಂದು ಅಂಟುವ ಜಾಗಕ್ಕೆ ನೀಲಿ. ಎಷ್ಟೋ ಕೈಗಳ ಬೆವರಿಗೆ ಅದು ನುಣುಪಾಗಿ ಕಂದುಗಟ್ಟಿರುತ್ತದೆ. ತಲೆಬುರುಡೆ ನೆಟ್ಟಗಿದೆಯೇ, ಅಂಗೈಯ ಸಣ್ಣ ಎಲುಬುಗಳೆಲ್ಲ ಇವೆಯೇ ಎಂದು ನೋಡಿ ಚೌಕಾಸಿ ನಡೆಯುತ್ತದೆ. ಯಾರದಿದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ತೋರಿಸಲು ಕಾಗದಪತ್ರವಿಲ್ಲ.

ಒಂದು ಕಾಲಕ್ಕೆ ವಿದೇಶದ ಎಷ್ಟೋ ವೈದ್ಯಕೀಯ ಶಾಲೆಗಳಿಗೆ ಅಸ್ಥಿಪಂಜರಗಳು ಹೋಗುತ್ತಿದ್ದುದು ಕಲ್ಕತ್ತದಿಂದ. ಬಡವರ ಹೆಣಗಳ ಎಲುಬುಗಳನ್ನು ತೊಳೆದು, ತಂತಿಯಲ್ಲಿ ಪೋಣಿಸಿ, ಪೆಟ್ಟಿಗೆಗೆ ಸೇರಿಸುತ್ತಿದ್ದರು. 1985ರಲ್ಲಿ ಭಾರತ ಈ ರಫ್ತನ್ನು ನಿಷೇಧಿಸಿತು. ಆದರೂ 2007ರಲ್ಲಿ ಬಂಗಾಳದ ಪೂರ್ಬಸ್ಥಲಿಯಲ್ಲಿ ಪೊಲೀಸರಿಗೆ ಎಲುಬುಗಳ ದಾಸ್ತಾನು ಸಿಕ್ಕಿತು.

ಕಾನೂನಿನ ದಾರಿಯೂ ಬಡವರ ಮನೆಯ ಮುಂದೆಯೇ ಹಾಯುತ್ತದೆ. ಬ್ರಿಟನ್ನಿನ 1832ರ ಅನಾಟಮಿ ಕಾಯ್ದೆ ಅನಾಥರಾಗಿ ಸತ್ತವರ ದೇಹಗಳನ್ನು ಛೇದನದ ಮೇಜಿಗೆ ಕಳಿಸಿತು. ನಮ್ಮ ರಾಜ್ಯದ 1957ರ ಕಾಯ್ದೆಯೂ ವಾರಸುದಾರರು ಬಾರದ ದೇಹಗಳನ್ನು ಕಾಲೇಜುಗಳಿಗೆ ಕೊಡುತ್ತದೆ. ಕೇಳಲು ಬಂಧುಗಳೇ ಇಲ್ಲದವನ ಮೌನವನ್ನು ನಾವು ಒಪ್ಪಿಗೆಯೆಂದು ಬರೆದುಕೊಂಡಿದ್ದೇವೆ. ಹೆಣ ಕೊಯ್ಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸತ್ತವರ ಮೇಲೆ ಕಲಿಯದ ಸರ್ಜನ್ ಬದುಕಿದ್ದವರ ಮೇಲೆ ಕಲಿಯಬೇಕಾಗುತ್ತದೆ. ಆಗಲೂ ಮೊದಲು ಮಲಗುವವರು ಸರ್ಕಾರಿ ಆಸ್ಪತ್ರೆಯ ಬಡವರೇ.

2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆಯ ಇಚ್ಛೆಯಂತೆ ತಂದೆಯ ದೇಹವನ್ನೇ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಮಾಡಿದರು. ಎಷ್ಟೋ ಜನರಿಗೆ ಮೈ ನಡುಗಿರಬೇಕು. ನನಗಂತೂ ಆ ಮೇಜಿನ ಮೇಲೆ ಅಂಜಿಕೆಗೆ ಕಾರಣ ಕಾಣುವುದಿಲ್ಲ. ಅಲ್ಲಿ ಮಲಗಿದ್ದವರು ತಾವಾಗಿ ಬಂದವರು. ಅದೇ ಕತ್ತಿ, ಅದೇ ಫಾರ್ಮಾಲಿನ್ ವಾಸನೆ, ಆದರೆ ಅದು ದಾನ. ಕಲ್ಕತ್ತದ ಪೆಟ್ಟಿಗೆಯಲ್ಲಿದ್ದದ್ದು ಸರಕು.

ಹಾಗಾದರೆ ಈಗಿರುವ ಹಳೆಯ ಬೋನ್ ಸೆಟ್‌ಗಳನ್ನೇನು ಮಾಡುವುದು? ಸಂಸ್ಕಾರ ಮಾಡಿಬಿಡಿ ಎನ್ನಬಹುದು. ಯಾವ ಸಂಸ್ಕಾರ? ಸುಡುವವರದೋ ಹೂಳುವವರದೋ ಎಂಬುದನ್ನೂ ಆ ಎಲುಬು ಹೇಳುವುದಿಲ್ಲ. ಪಾಠ ನಡೆಯಲಿ, ಮಾರಾಟ ನಿಲ್ಲಲಿ ಎಂಬುದು ನನ್ನ ಮತ. ಓದು ಮುಗಿಸಿದವರು ಸೆಟ್ಟನ್ನು ಅನಾಟಮಿ ವಿಭಾಗಕ್ಕೆ ಒಪ್ಪಿಸಲಿ, ವಿಭಾಗವೇ ಮುಂದಿನವರಿಗೆ ಬಾಡಿಗೆಯಿಲ್ಲದೆ ಕೊಡಲಿ. ಕಡಿಮೆಬಿದ್ದರೆ ಪ್ಲಾಸ್ಟಿಕ್ ಮಾದರಿಗಳಿವೆ. ವಿಭಾಗದ ರಿಜಿಸ್ಟರಿನಲ್ಲಿ ಒಪ್ಪಿಗೆಗೆಂದು ಒಂದು ಕಾಲಂ ಇರಲಿ. ಈ ಹಳೆಯ ಸೆಟ್‌ಗಳ ಎದುರು ‘ಕೇಳಿರಲಿಲ್ಲ’ ಎಂದೇ ನಮೂದಾಗಲಿ.