ಮಸೂರದ ಮೇಲಿನ ಧೂಳು

ಔರಾದ ಸೀಮೆಯ ಬೇಸಗೆಯನ್ನು ಕಂಡವರಿಗೆ ಧೂಳಿನ ವರ್ಣನೆ ಬೇಕಾಗಿಲ್ಲ. ಎರೆಯ ಹೊಲಗಳು ಬಿರುಕುಬಿಟ್ಟು, ವೈಶಾಖದ ಗಾಳಿಯು ಅವುಗಳ ಹುಡಿಯನ್ನೆತ್ತಿ ಊರಮೇಲೆ ಎರಚುವುದು. ದಕ್ಷಿಣಕ್ಕೆ ಬೀದರದ ಕಡೆಗೆ ಹೋದಂತೆ ಅದೇ ಧೂಳು ಜಂಬಿಟ್ಟಿಗೆಯ ಕೆಂಪನ್ನು ತಾಳುವುದು. ಇಂತಹ ನಾಡಿನಲ್ಲಿ ಛಾಯಾಚಿತ್ರ ತೆಗೆಯುವವನಿಗೆ ಮೊದಲ ಚಿಂತೆ ಬೆಳಕಿನದಲ್ಲ, ಮಸೂರದ್ದು. ಅಮರೇಶ್ವರನ ಜಾತ್ರೆಯಲ್ಲಿ ಅರ್ಧ ತಾಸು ನಿಂತ ಕ್ಯಾಮರಾದ ಕಾಚದ ಮೇಲೆ ಬೆರಳಿನಿಂದ ಅಕ್ಷರ ಬರೆಯಬಹುದು. ಈಗಂತೂ ಕ್ಯಾಮರಾ ಎಲ್ಲರ ಕಿಸೆಯಲ್ಲಿಯೂ ಸೇರಿದೆ. ಮೊಬೈಲಿನಲ್ಲಿರುವ ಮಸೂರವು ತೊಗರಿಯ ಕಾಳಿನಷ್ಟು ಸಣ್ಣದು. ಅದರ ಮೇಲೆ ಹೆಬ್ಬೆರಳು ಬೀಳದ ದಿನವಿಲ್ಲ.

ಮಸೂರವನ್ನು ಒರೆಸುವುದು ಒಂದು ಕೈಕೆಲಸ, ಅದರಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿಯದು ಎಂದು ವಾಚಕರು ಕೇಳಬಹುದು. ಒಂದು ಮನೆಯ ಗೋಡೆಯ ಮೇಲೆ, ತೀರಿಹೋದ ಅಜ್ಜಿಯೊಬ್ಬಳ ಒಂದೇ ಒಂದು ಭಾವಚಿತ್ರವಿದೆಯೆಂದು ಭಾವಿಸೋಣ. ಅವಳನ್ನು ಕಿಟಕಿಯ ಮುಂದೆ ಕೂರಿಸಿ ತೆಗೆದದ್ದು. ಬೆಳಕು ಎದುರಿನಿಂದ ಬಂದಿತ್ತು. ಮಸೂರದ ಮೇಲೆ ಯಾರದೋ ಬೆರಳಿನ ಜಿಡ್ಡಿತ್ತು. ಮುಖದ ಮೇಲೆಲ್ಲ ಹಾಲು ಚೆಲ್ಲಿದಂತಹ ಮಬ್ಬು ಕವಿದಿದೆ. ಅವಳನ್ನು ಕಂಡವರು ಬದುಕಿರುವವರೆಗೆ ಬಾಧಕವಿಲ್ಲ. ಅವರು ನೆನಪಿನಿಂದ ಚಿತ್ರವನ್ನು ತಿದ್ದಿಕೊಳ್ಳುವರು. ಆದರೆ ಅವಳ ತರುವಾಯ ಹುಟ್ಟಿದ ಮಕ್ಕಳು, ‘ನಮ್ಮ ಅಜ್ಜಿಯ ಮುಖದಲ್ಲಿ ಕಳೆಯೇ ಇರಲಿಲ್ಲ’ ಎಂದು ತಿಳಿಯುವರು. ಕಾಚದಲ್ಲಿದ್ದ ದೋಷವು ಅಜ್ಜಿಯ ಮುಖಕ್ಕೆ ಹೋಗಿ ಕುಳಿತಿತು. ಅವಳ ಪರವಾಗಿ ಸಾಕ್ಷಿ ಹೇಳುವವರು ಇನ್ನಾರೂ ಉಳಿದಿಲ್ಲ.

ಈ ಸಂಗತಿಯನ್ನು ನಮ್ಮ ದಾರ್ಶನಿಕರು ಶಂಖದ ದೃಷ್ಟಾಂತದಿಂದ ಬಹುಕಾಲದ ಹಿಂದೆಯೇ ವಿಚಾರಿಸಿದ್ದಾರೆ. ಕಾಮಾಲೆಯಾದವನಿಗೆ ಬಿಳಿಯ ಶಂಖವು ಹಳದಿಯಾಗಿ ತೋರುವುದು. ಅವನು ‘ನನ್ನ ಕಣ್ಣಿನಲ್ಲಿ ಪಿತ್ತವಿದೆ’ ಎನ್ನುವುದಿಲ್ಲ. ‘ಶಂಖ ಹಳದಿ’ ಎನ್ನುವನು. ದೋಷವಿರುವುದು ಕರಣದಲ್ಲಿ, ಹೊತ್ತುಕೊಳ್ಳುವುದು ಶಂಖ. ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಮಲದಿಂದ ಮುಸುಕಿದ ಕನ್ನಡಿಯ ಉಪಮೆ ಬಂದಿದೆ. ಆದರೆ ಕನ್ನಡಿಗೂ ಮಸೂರಕ್ಕೂ ಒಂದು ಅಂತರವುಂಟು. ಕನ್ನಡಿಯ ಧೂಳು ನೋಡುವವನ ಕಣ್ಣಿಗೆ ಬೀಳುವುದು. ಮಸೂರದ ಧೂಳು ಚಿತ್ರದಲ್ಲಿ ಧೂಳಾಗಿ ಕಾಣುವುದೇ ಇಲ್ಲ. ಚಿತ್ರದ ಒಂದೊಂದು ಬಿಂದುವಿಗೂ ಮಸೂರದ ಎಲ್ಲ ಭಾಗಗಳಿಂದ ಬೆಳಕು ಬಂದು ಸೇರುವುದರಿಂದ, ಮುಂಗಾಚಿನ ಮೇಲಿನ ಒಂದು ಕಣವು ಬೆಳಕಿನ ಅತ್ಯಲ್ಪ ಪಾಲನ್ನು ಕದಿಯುವುದಲ್ಲದೆ ತನ್ನ ರೂಪವನ್ನು ಎಲ್ಲಿಯೂ ಮೂಡಿಸದು. ಜಿಡ್ಡಿನ ಪೊರೆಯು ಹಾಗಲ್ಲ. ಅದು ಬೆಳಕನ್ನು ಚದರಿಸಿ ಕಪ್ಪನ್ನು ಬೂದಿಯಾಗಿಯೂ ಬಿಳಿಯನ್ನು ಮಬ್ಬಾಗಿಯೂ ಮಾಡುವುದು. ಸೂರ್ಯನು ಬೆನ್ನಿಗಿರುವಾಗ ಅಡಗಿದ್ದು, ಎದುರಾದಾಗ ಮಾತ್ರ ಹೊರಬೀಳುವುದು.

ಹಾಗಾದರೆ ಸದಾ ಒರೆಸುತ್ತಿರುವುದೇ ಲೇಸೆಂದು ಒಬ್ಬನು ನಿಶ್ಚಯಿಸಬಹುದು. ಶುಚಿತ್ವದ ವಿಷಯದಲ್ಲಿ ಅತಿಯೆಂಬುದುಂಟೆ? ಉಂಟು, ಮಸೂರದ ಮಟ್ಟಿಗೆ ಧೂಳಿಗಿಂತ ಒರೆಸುವ ಕೈಯೇ ಹೆಚ್ಚು ಹಾನಿ ಮಾಡಿದೆ. ಧೂಳಿನಲ್ಲಿರುವ ಮರಳಿನ ಕಣವು ಗಾಜಿಗಿಂತ ಗಟ್ಟಿಯಾದುದು. ಧೋತರದ ಚುಂಗಿನಿಂದಲೋ ಅಂಗಿಯ ತೋಳಿನಿಂದಲೋ ಒಣಗಾಜನ್ನು ತಿಕ್ಕುವವನು ಆ ಕಣವನ್ನು ತೆಗೆಯುತ್ತಿಲ್ಲ. ಅದನ್ನೇ ಉಳಿಯನ್ನಾಗಿ ಹಿಡಿದು ಗೆರೆ ಕೊರೆಯುತ್ತಿದ್ದಾನೆ. ಅದೂ ಅಲ್ಲದೆ, 1935ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲಾ ಎಂಬ ವಿಜ್ಞಾನಿಯು ಕಂಡುಹಿಡಿದ ವಿಧಾನದ ತರುವಾಯ, ಮಸೂರಗಳಿಗೆ ಪ್ರತಿಫಲನವನ್ನು ತಡೆಯುವ ಒಂದು ಲೇಪವನ್ನು ಕೊಡುವುದು ರೂಢಿಯಾಯಿತು. ಅಂತಹ ಲೇಪದ ಒಂದು ಪದರದ ದಪ್ಪವು ಒಂದು ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗದ ಆಸುಪಾಸು. ಧೂಳು ನಾಳೆ ಹೋದೀತು, ಗೀರು ಹೋಗದು.

ಆದುದರಿಂದ ಬಲ್ಲವರು ಅನುಸರಿಸುವ ಕ್ರಮವೇ ಬೇರೆ. ಮೊದಲು ರಬ್ಬರಿನ ಬುಗ್ಗೆಯನ್ನು ಹಿಸುಕಿ ಗಾಳಿಯಿಂದ ಊದುವರು; ಬಾಯಿಂದ ಊದಿದರೆ ಉಗುಳು ಸಿಡಿಯುವುದು. ಹೋಗದೆ ಉಳಿದುದನ್ನು ಮೃದುವಾದ ಕುಂಚದಿಂದ ಮುಟ್ಟೀ ಮುಟ್ಟದಂತೆ ಸವರುವರು. ಬಹುತೇಕ ಕೆಲಸ ಇಲ್ಲಿಗೇ ಮುಗಿಯುವುದು. ಜಿಡ್ಡಿದ್ದರೆ ಮಾತ್ರ, ತೊಳೆದ ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ದ್ರವವನ್ನು ಹಾಕಿ, ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಒರೆಸುವರು. ದ್ರವವನ್ನು ಗಾಜಿನ ಮೇಲೆಯೇ ಸುರಿಯುವುದಿಲ್ಲ; ಅದು ಅಂಚಿನಿಂದ ಒಳಗಿಳಿಯುವುದು. ಮಳೆಗಾಲದ ಬೂಷ್ಟಿಗೆ ಬೇರೆ ಉಪಾಯ ಬೇಕು: ಗಾಳಿಯಾಡದ ಡಬ್ಬಿಯಲ್ಲಿ ತೇವವನ್ನು ಹೀರುವ ಸಿಲಿಕಾ ಹರಳುಗಳೊಡನೆ ಇಡಬೇಕು. ಮನೆಯಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟು ‘ಜೋಪಾನ ಮಾಡಿದ್ದೇವೆ’ ಎನ್ನುವವರ ಮಸೂರವೇ ಮೊದಲು ಕೆಡುವುದು, ಏಕೆಂದರೆ ಚರ್ಮವು ತೇವವನ್ನು ಹಿಡಿದಿಡುವುದು.

ಈಗ ಕಠಿಣವಾದ ಪ್ರಶ್ನೆ ಬರುವುದು. ಒರೆಸಿದರೆ ಹಾನಿ, ಒರೆಸದಿದ್ದರೆ ಅನ್ಯಾಯ. ಯಾವಾಗ ಒರೆಸಬೇಕು? ನೈಯಾಯಿಕರು ಜ್ಞಾನದ ಪ್ರಾಮಾಣ್ಯವನ್ನು ಬೇರೊಂದರಿಂದ ನಿಶ್ಚಯಿಸಬೇಕೆನ್ನುವರು. ಅದಕ್ಕೆ ಮೀಮಾಂಸಕರ ಆಕ್ಷೇಪವೇನೆಂದರೆ, ಮೊದಲನೆಯ ಜ್ಞಾನಕ್ಕೆ ಎರಡನೆಯದು ಸಾಕ್ಷಿಯಾಗಬೇಕಾದರೆ ಎರಡನೆಯದಕ್ಕೆ ಮೂರನೆಯದು ಬೇಕಾಗಿ ಅನವಸ್ಥೆ ಬರುವುದು. ಕುಮಾರಿಲಭಟ್ಟನ ಪಕ್ಷದಲ್ಲಿ ಜ್ಞಾನವು ತಾನಾಗಿಯೇ ಪ್ರಮಾಣ; ಅದು ಕೆಳಗಿಳಿಯುವುದು ಎರಡೇ ಕಾರಣಗಳಿಂದ: ಅದಕ್ಕೆ ವಿರುದ್ಧವಾದ ಇನ್ನೊಂದು ಜ್ಞಾನ ಹುಟ್ಟಿದಾಗ, ಇಲ್ಲವೆ ಕರಣದಲ್ಲಿ ದೋಷವಿದೆಯೆಂದು ತಿಳಿದುಬಂದಾಗ. ಸಂದೇಹ ಬಂದಲ್ಲಿ ಮೂರು ನಾಲ್ಕು ಹಂತಗಳ ವಿಚಾರಣೆ ಸಾಕು, ಅದಕ್ಕೂ ಹೆಚ್ಚಿನ ಶಂಕೆ ಬೇಡವೆಂದೂ ಅವನ ಅಭಿಪ್ರಾಯ. ಛಾಯಾಗ್ರಾಹಕನ ಕೈಗೆ ಈ ಪಕ್ಷವೇ ಹೆಚ್ಚು ಹೊಂದುವಂತೆ ತೋರುವುದು. ಕಾರಣವಿಲ್ಲದೆ ಮಸೂರವನ್ನು ಶಂಕಿಸುವವನು ಅದನ್ನು ತಿಕ್ಕಿ ತಿಕ್ಕಿ ಕುರುಡಾಗಿಸುವನು. ಎಲ್ಲರ ಮಾತನ್ನೂ ಎಲ್ಲ ಕಾಲದಲ್ಲಿಯೂ ಶಂಕಿಸುವ ಮನೆಯ ಯಜಮಾನನ ಗತಿಯೂ ಇದೇ.

ಆದರೂ ಈ ನಿಯಮಕ್ಕೆ ಒಂದು ಎಡೆಯಲ್ಲಿ ತಡೆ ಬರುವುದು. ಆ ತಡೆಯನ್ನು ತೋರಿಸಲು ಬೀದರದ ಇತಿಹಾಸಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕದು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಮಹಮೂದ್ ಗವಾನನು 1472ರಲ್ಲಿ ಬೀದರದ ಮದರಸೆಯನ್ನು ಕಟ್ಟಿಸಿದನು. ಅವನ ಶತ್ರುಗಳು, ಮುದ್ರೆಯನ್ನು ಕಾಯುತ್ತಿದ್ದವನನ್ನು ವಶಮಾಡಿಕೊಂಡು ಬರಿಯ ಕಾಗದದ ಮೇಲೆ ಮಂತ್ರಿಯ ಮುದ್ರೆಯನ್ನು ಒತ್ತಿಸಿ, ಒಡ್ಡರಾಜ್ಯದ ಅರಸನಿಗೆ ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಆಮೇಲೆ ತುಂಬಿದರೆಂದು ಫಿರಿಸ್ತನು ಬರೆದಿದ್ದಾನೆ. ಮೂರನೆಯ ಮುಹಮ್ಮದ ಷಹನು ಆಗ ಮದ್ಯದ ಅಮಲಿನಲ್ಲಿದ್ದನೆಂದೂ ಅವನ ಹೇಳಿಕೆ. ಮುದ್ರೆ ನಿಜವಾದುದು; ಕಣ್ಣಿಗೆ ಕಂಡುದರಲ್ಲಿ ಸುಳ್ಳಿನ ಗುರುತಿರಲಿಲ್ಲ. ‘ಮುದ್ರೆ ನನ್ನದು, ಬರೆಹ ನನ್ನದಲ್ಲ’ ಎಂಬ ಅರ್ಥದ ಉತ್ತರವನ್ನು ಮಂತ್ರಿಯು ಕೊಟ್ಟನು. ಅದೇ ಬಾಧಕಜ್ಞಾನ, ಅಮಲು ಕರಣದೋಷ. ಕುಮಾರಿಲನು ಹೇಳಿದ ಎರಡೂ ಕಾರಣಗಳು ಒಟ್ಟಿಗೆ ಕೂಡಿಬಂದಿದ್ದರೂ ಅರಸನು ನಿಲ್ಲಲಿಲ್ಲ. 1481ರಲ್ಲಿ ವೃದ್ಧಮಂತ್ರಿಯ ಶಿರಚ್ಛೇದವಾಯಿತು. ನಿಜವು ತಿಳಿದಮೇಲೆ ಅರಸನು ಮರುಗಿದನು. ಮರುವರುಷ ತಾನೂ ಸತ್ತನು. ರಾಜ್ಯವು ಬಹುಬೇಗ ಒಡೆದು ಐದು ಹೋಳಾಯಿತು.

ದಿನನಿತ್ಯದ ನೋಟದಲ್ಲಿ ಕಣ್ಣನ್ನು ನಂಬಿ ನಡೆಯುವುದು ಸರಿ. ಶಂಕೆ ಹುಟ್ಟುವವರೆಗೆ ಕಾಯುವುದೂ ಸರಿ. ಆದರೆ ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸಕ್ಕೆ ಕೈಯಿಕ್ಕುವವನು ಶಂಕೆಯು ತಾನಾಗಿ ಬರಲೆಂದು ಕಾಯುವಂತಿಲ್ಲ, ಹುಡುಕಿಕೊಂಡು ಹೋಗಬೇಕು. ಅಜ್ಜಿಯ ಒಂದೇ ಚಿತ್ರವೂ ಅಂತಹ ಕೆಲಸವೇ. ಹಾಗೆಂದು ಪ್ರತಿಸಲವೂ ಒರೆಸಬೇಕೆಂದಲ್ಲ, ಪ್ರತಿಸಲವೂ ನೋಡಬೇಕು. ಮಸೂರವನ್ನು ಒಮ್ಮೆ ಬೆಳಕಿಗೆ ಓರೆಯಾಗಿ ಹಿಡಿದರೆ ಜಿಡ್ಡು ತಾನೇ ಹೊಳೆಯುವುದು. ನೋಡುವುದರಿಂದ ಗಾಜು ಸವೆಯುವುದಿಲ್ಲ. ಈ ಎರಡನ್ನೂ ಬೇರ್ಪಡಿಸಲಾರದವರೇ ಒಂದೋ ಉದಾಸೀನರು, ಇಲ್ಲವೆ ಮಡಿಯ ಹುಚ್ಚಿನವರು.

ಗವಾನನ ಮದರಸೆ ಇಂದಿಗೂ ನಿಂತಿದೆ. ಎರಡು ಮಿನಾರಗಳಲ್ಲಿ ಉಳಿದುದು ಒಂದೇ. ಮುಂಭಾಗದ ಒಂದು ಪಾರ್ಶ್ವವು ಹದಿನೇಳನೆಯ ಶತಮಾನದ ಕಡೆಯಲ್ಲಿ ಮದ್ದು ಸಿಡಿದು ಹಾಳಾಯಿತು. ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಗ್ರಂಥದಲ್ಲಿ ಈ ಊರಿನ ಕಟ್ಟಡಗಳ ಛಾಯಾಚಿತ್ರಗಳು ಬಹಳವಾಗಿವೆ. ಗೋಡೆಯ ಮೇಲಿನ ಬಣ್ಣದ ಹೆಂಚುಗಳು ವರುಷ ವರುಷಕ್ಕೂ ಉದುರಿಹೋಗುವಲ್ಲಿ ಅಂತಹ ಚಿತ್ರಗಳೇ ಮುಂದಿನವರಿಗೆ ಸಾಕ್ಷಿ. ಮದರಸೆಯ ಮುಖವು ಪೂರ್ವಕ್ಕಿದೆ. ಸಂಜೆಯ ಹೊತ್ತು ಅದರ ಮುಂದೆ ಕ್ಯಾಮರಾ ಹಿಡಿದವನಿಗೆ ಸೂರ್ಯನು ಮಿನಾರದ ಹಿಂದಿನಿಂದ ನೇರವಾಗಿ ಕಣ್ಣಿಗೆ ಹೊಡೆಯುವನು. ಅಳಿದುಳಿದ ನೀಲಿ ಹೆಂಚುಗಳೆಲ್ಲ ಒಂದೇ ಬೂದುಬಣ್ಣವಾಗಿ ತೋರುವುವು. ಹೆಂಚಿನ ಬಣ್ಣವೇ ಮಾಸಿತೆಂದು ಬರೆದುಕೊಂಡು ಹೊರಡುವವರುಂಟು. ಇನ್ನೊಬ್ಬನು ಕ್ಯಾಮರಾವನ್ನು ಕೆಳಗಿಳಿಸಿ, ಮಸೂರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಬುಗ್ಗೆಯಿಂದ ಎರಡು ಸಲ ಊದಿ, ನೆರಳಿಗೆ ಸರಿದು ನಿಂತು, ಮತ್ತೆ ಎತ್ತಿ ಹಿಡಿಯುವನು.