ಮಳೆನೀರಿನ ಋಣ

ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ ನೀರಿನ ಬಗ್ಗೆ ಭಕ್ತಿ ಇಲ್ಲವೆಂದು ಹೇಳಲಾಗದು. ಸಂಪು ಈಶಾನ್ಯಕ್ಕೇ ಬರಬೇಕೆಂದು ನಕ್ಷೆ ತಿದ್ದಿಸುತ್ತಾರೆ. ಬೋರ್‌ವೆಲ್ ಕೊರೆಸುವ ಮುನ್ನ ಪಾಯಿಂಟಿಗೆ ಅರಿಶಿನ ಕುಂಕುಮ ಇಟ್ಟು ಗಂಗಾಪೂಜೆ ಮಾಡಿಸುತ್ತಾರೆ, ನೀರು ಬಿದ್ದರೆ ಕೈಮುಗಿಯುತ್ತಾರೆ. ಅದೇ ಮನೆಯ ತಾರಸಿಗೆ ಬಿದ್ದ ಮಳೆ ಮಾತ್ರ ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ ಇಳಿದು ಗೇಟಿನಾಚೆಯ ಮೋರಿಗೆ ಹೋಗುತ್ತದೆ. ಒಳಗೆ ಬರುವ ನೀರಿಗೆ ಪೂಜೆಯಿದೆ, ಹೊರಗೆ ದಾಟಿಸಿದ ನೀರಿನ ಬಗ್ಗೆ ಯಾವ ವಿಧಿಯೂ ಇಲ್ಲ. ನನ್ನ ನಿವೇಶನದ ಮೇಲೆ ಸುರಿದ ಮಳೆಗೆ ನಾನು ಹೊಣೆಯೇ? ಹೊಣೆಯಾದರೆ, ಆ ನೀರನ್ನು ಅಲ್ಲೇ ಹಿಡಿದಿಡುವುದು ನಾನು ಲೋಕಕ್ಕೆ ಮಾಡುವ ದಾನವೇ, ತೀರಿಸಬೇಕಾದ ಋಣವೇ? ಅದು ಋಣ ಎಂದೇ ನಾನು ನಂಬಿದ್ದೇನೆ. ದಾನವೆಂದು ತಿಳಿದಿರುವವರೆಗೂ ನಮ್ಮ ಹೊಸ ಬಡಾವಣೆಗಳ ನೀರಿನ ಕಷ್ಟ ಬಗೆಹರಿಯುವುದಿಲ್ಲ.

ನಮ್ಮ ಪರಂಪರೆ ನೀರನ್ನು ಬಹುಮಟ್ಟಿಗೆ ದಾನದ ಕಣ್ಣಿನಿಂದಲೇ ಕಂಡಿತು. ಕೆರೆ ಕಟ್ಟಿಸುವುದು, ಹೆಸರು ಉಳಿಸುವ ಏಳು ಪುಣ್ಯಗಳೆನಿಸಿದ ಸಪ್ತಸಂತಾನಗಳಲ್ಲಿ ಒಂದು. ಬಾವಿ ತೋಡಿಸುವುದು, ಅರವಟಿಗೆ ಇಡಿಸುವುದು ಲೋಕೋಪಕಾರದ ಪೂರ್ತಧರ್ಮ. ಇದರಲ್ಲಿ ದೊಡ್ಡತನವಿದೆ. ಶಾಸನಗಳನ್ನು ಬರೆಸಿದವರು ಕಟ್ಟಿಸಿದ ದಿನಕ್ಕೇ ಪುಣ್ಯ ಮುಗಿಯಿತೆಂದು ಭಾವಿಸಲಿಲ್ಲ. ಏರಿ ಭದ್ರವಾಗಿರಲಿ, ಹೂಳು ತೆಗೆಯುತ್ತಿರಲಿ ಎಂದು ಆ ಖರ್ಚಿಗೆ ಬಿತ್ತುವಟ್ಟವೆಂಬ ಭೂಮಿ ಬಿಟ್ಟರು. ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಹೆಚ್ಚಿನದು ಎಂಬ ಅರ್ಥದ ಶ್ಲೋಕವನ್ನು ಕೊನೆಗೆ ಕೆತ್ತಿಸಿದರು. ಅದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಎಂದು ಶಪಿಸಿದರು. ಆದರೂ ದಾನಕ್ಕೆ ಒಂದು ಮಿತಿಯಿದೆ: ಕೆರೆ ಕಟ್ಟಿಸದವನು ಪುಣ್ಯ ಗಳಿಸಲಿಲ್ಲವೇ ಹೊರತು ಪಾಪವನ್ನೇನೂ ಮಾಡಲಿಲ್ಲ. ಇಂದು ನಿವೇಶನಕ್ಕೆ ಕಾಂಕ್ರೀಟು ಹಾಕಿಸುವವರ ಸ್ಥಿತಿ ಹಾಗಲ್ಲ. ಅವರು ಕೈಕಟ್ಟಿ ಕೂತವರಲ್ಲ, ನೀರಿನ ದಾರಿಯನ್ನೇ ಬದಲಿಸಿದವರು.

ಎಷ್ಟು ಬದಲಿಸಿದರು ಎಂಬುದನ್ನು ಲೆಕ್ಕ ಹಾಕಬಹುದು. ಮೂವತ್ತು ನಲವತ್ತರ ಸೈಟೆಂದರೆ 1,200 ಚದರಡಿ, ಸುಮಾರು 111 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವುದು ಸುಮಾರು 5,500 ಲೀಟರ್ ನೀರು. ವರ್ಷಕ್ಕೆ ಬೆಂಗಳೂರಿನ ಸರಾಸರಿ ಮಳೆಯಂತೆ ಲಕ್ಷ ಲೀಟರಿಗೂ ಹೆಚ್ಚು. ಗಿಡಗಂಟಿ ಇದ್ದ ಮಣ್ಣಿನ ನೆಲವಾಗಿದ್ದಾಗ ಇದರಲ್ಲಿ ಬಹುಪಾಲು ಇಂಗುತ್ತಿತ್ತು, ಆವಿಯಾಗುತ್ತಿತ್ತು. ಅಂಚಿನಿಂದ ಅಂಚಿಗೆ ಮುಚ್ಚಿದ ಮೇಲೆ ಹತ್ತರಲ್ಲಿ ಎಂಟೊಂಬತ್ತು ಪಾಲು ಹೊರಗೆ ಹರಿಯುತ್ತದೆ, ಅದೂ ನಿಮಿಷಗಳಲ್ಲಿ. ಬೆಂಗಳೂರು ಕೂತಿರುವುದು ದಿಬ್ಬದ ಮೇಲೆ. ಇಲ್ಲಿ ದೊಡ್ಡ ನದಿಯಿಲ್ಲ, ಇಳಿಜಾರಿನ ಮೇಲೆ ಸಾಲುಗಟ್ಟಿದ ಕೆರೆಗಳಿವೆ. ಮಡಿವಾಳದ ಕೋಡಿ ಬಿದ್ದ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಮೇಲಿನವರು ಬಿಟ್ಟದ್ದನ್ನೆಲ್ಲ ಕೆಳಗಿನವರು ಹೊರಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ನೆರೆ ಬಂದಾಗ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದರು. ಪಕ್ಕದ ಶೆಡ್ಡುಗಳಲ್ಲಿದ್ದ ಕೂಲಿಯವರ ಅಕ್ಕಿ, ಬಟ್ಟೆ ನೆನೆದದ್ದು ಅಷ್ಟು ಸುದ್ದಿಯಾಗಲಿಲ್ಲ. 2024ರ ಮಾರ್ಚಿನಲ್ಲಿ ಅದೇ ನಗರ ಟ್ಯಾಂಕರಿಗಾಗಿ ಕಾಯಿತು. ಇಂಗಬೇಕಾದದ್ದನ್ನು ಓಡಿಸಿದ್ದು ಈ ಎರಡೂ ಸಂಕಟಗಳಿಗೆ ಒಂದು ಮುಖ್ಯ ಕಾರಣ.

ಈ ಹೊಣೆಯ ಮಾತಿಗೆ ಬರುವ ಗಟ್ಟಿಯಾದ ಆಕ್ಷೇಪ ಕಾನೂನಿನದು. ಮೇಲಿನ ಜಮೀನಿಗೆ ಬಿದ್ದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವನು ತಡೆಯುವಂತಿಲ್ಲ ಎಂದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯೇ ಹೇಳುತ್ತದೆ. ನಿಜ. ಆದರೆ ಆ ಹಕ್ಕು ನೆಲ ತನ್ನ ಪಾಡಿಗೆ ಬಿಟ್ಟ ನೀರಿಗೆ ಸಂಬಂಧಿಸಿದ್ದು. ತಾರಸಿ, ಟೈಲ್ಸು, ಪೈಪು ಸೇರಿ ತಂದು ಸುರಿದ ನೀರಿನಲ್ಲಿ ಸಹಜವಾದದ್ದು ಮಳೆಯೊಂದೇ. ಉಳಿದ ರಭಸವೆಲ್ಲ ಕಟ್ಟಿದವರದು. ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು: ಕೆಳಗಿನವರನ್ನು ಮುಳುಗಿಸಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ, ಉದ್ದೇಶವಿಲ್ಲದೆ ಪಾಪ ಎಲ್ಲಿಂದ ಬಂತು? ಜೈನ ಚಿಂತನೆ ಇದನ್ನು ಬಹಳ ಹಿಂದೆಯೇ ಎದುರಿಸಿದೆ. ತತ್ತ್ವಾರ್ಥಸೂತ್ರ ಹಿಂಸೆಯನ್ನು ಲಕ್ಷಣೀಕರಿಸುವಾಗ ದ್ವೇಷದ ಮಾತೆತ್ತುವುದಿಲ್ಲ, ಪ್ರಮಾದದ ಮಾತೆತ್ತುತ್ತದೆ. ಎಚ್ಚರ ತಪ್ಪಿದ ನಡೆಯಿಂದ ಪ್ರಾಣಕ್ಕೆ ಕೇಡಾದರೆ ಅದು ಹಿಂಸೆ. ನೀರು ಸೋಸಿ ಕುಡಿಯುವ ಜೈನ ಗೃಹಸ್ಥರು, ಅಂದರೆ ಶ್ರಾವಕರು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವ ಆಚಾರ ಈ ಎಚ್ಚರದ್ದೇ. ತಿಳಿಯದ ಕಾಲದಲ್ಲಿ ಕ್ಷಮೆಯಿತ್ತೆಂದೇ ಇಟ್ಟುಕೊಳ್ಳೋಣ. 2022ರ ನೆರೆ ಕಂಡ ನಗರದಲ್ಲಿ ಹೊಸದಾಗಿ ಅಂಗಳ ಮುಚ್ಚಿಸುವವರು ತಿಳಿಯದವರಲ್ಲ.

ನನ್ನದೊಂದು ಸೈಟಿನಿಂದ ಏನಾದೀತು, ತೆರಿಗೆ ಕಟ್ಟಿದ್ದೇವೆ, ಮೋರಿ ಸರ್ಕಾರದ ಕೆಲಸ ಎನ್ನುವವರಿಗೆ ಋಣದ ಕಲ್ಪನೆಯೇ ಉತ್ತರ. ಶತಪಥ ಬ್ರಾಹ್ಮಣ ದೇವ, ಋಷಿ, ಪಿತೃಗಳ ಜೊತೆಗೆ ಮನುಷ್ಯರ ಋಣವನ್ನೂ ಹುಟ್ಟಿನಿಂದಲೇ ಬಂದದ್ದೆಂದು ಎಣಿಸುತ್ತದೆ. ಊರವರೆಲ್ಲ ಸಾಲಗಾರರಾದ ಮಾತ್ರಕ್ಕೆ ಒಬ್ಬನ ಸಾಲ ಮನ್ನಾ ಆಗುವುದಿಲ್ಲ. ಮೋರಿಯನ್ನು ಎಷ್ಟು ಅಗಲಿಸಿದರೂ ನೀರು ಇನ್ನೂ ಬೇಗ ಕೆಳಗಿನವರನ್ನು ಮುಟ್ಟುತ್ತದೆ, ಅಷ್ಟೇ. ತೀರಿಸುವ ದಾರಿಯೇನೂ ದೂರದ್ದಲ್ಲ. ಮೂರಡಿ ಅಗಲ, ಇಪ್ಪತ್ತಡಿ ಆಳಕ್ಕೆ ಸಿಮೆಂಟಿನ ಉಂಗುರ ಇಳಿಸಿದ ಒಂದು ಇಂಗುಬಾವಿ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ, ತುಂಬುತ್ತಿರುವಾಗಲೇ ಇಂಗಿಸುತ್ತಲೂ ಇರುತ್ತದೆ. ಇದನ್ನು ತೋಡಬಲ್ಲ ಮಣ್ಣುವಡ್ಡರು ಬೆಂಗಳೂರಿನ ಸುತ್ತ ಇಂದಿಗೂ ಇದ್ದಾರೆ. ಎಲ್ಲಿ ಮಣ್ಣು ಸಡಿಲ, ಎಲ್ಲಿ ಕಲ್ಲು ಎಂದು ಅವರಿಗೆ ಗೊತ್ತು. ಕೆರೆಯಂಚಿನ ತಗ್ಗಿನಲ್ಲಿ ನೀರು ಇಂಗದಿದ್ದರೆ ತೊಟ್ಟಿಯಲ್ಲಿ ಹಿಡಿದು ಮಳೆ ನಿಂತ ಮೇಲೆ ನಿಧಾನವಾಗಿ ಬಿಡಬಹುದು.

ಹಾಗಾದರೆ ಧರ್ಮದ ಮಾತೇಕೆ, ಕಾಯ್ದೆ ಸಾಲದೇ? ಕಾಯ್ದೆ ಇದೆ, ಅದು ಬೇಕು ಕೂಡ. 1,200 ಚದರಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ 2,400 ಚದರಡಿ ಮೇಲ್ಪಟ್ಟ ಹಳೆಯವಕ್ಕೂ ಮಳೆಕೊಯ್ಲು ಕಡ್ಡಾಯವೆಂದು 2009ರಲ್ಲೇ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಯಿತು. ಅಳವಡಿಸದವರಿಗೆ ನೀರಿನ ಬಿಲ್ಲಿನಲ್ಲೇ ದಂಡ ಬೀಳುತ್ತದೆ. ದಂಡ ಕಟ್ಟಿದಲ್ಲಿಗೆ ಲೆಕ್ಕ ಚುಕ್ತಾ ಎಂದು ಅನೇಕರು ಭಾವಿಸಿದ್ದಾರೆ. ಕೆಳಗಿನ ಮನೆಯ ಹೊಸ್ತಿಲು ದಾಟಿದ ನೀರು ಆ ರಸೀದಿಯಿಂದ ಹಿಂದೆ ಸರಿಯುವುದಿಲ್ಲ. ಕಾಯ್ದೆ ಪೈಪು ಇದೆಯೇ ಎಂದು ಒಮ್ಮೆ ನೋಡೀತು. ಮುಂಗಾರಿಗೆ ಮೊದಲು ತಾರಸಿ ಗುಡಿಸಿ, ಫಿಲ್ಟರಿನ ಜಲ್ಲಿ ಮರಳು ತೊಳೆದು, ಬಾವಿಯ ತಳದ ಹೂಳೆತ್ತಿಸುವ ಕೆಲಸ ಪ್ರತಿವರ್ಷದ್ದು, ಅದನ್ನು ನೋಡಲು ಯಾರೂ ಬರುವುದಿಲ್ಲ. ಬಿತ್ತುವಟ್ಟ ಬಿಟ್ಟವರು ಅರಿತಿದ್ದ ಪಾಲನೆಯೆಂದರೆ ಇದೇ.

ಇದು ಋಣವೆಂದಾದರೆ ಅದರ ಹೊರೆ ನೆಲ ಮುಚ್ಚಿದಷ್ಟಕ್ಕೆ ತಕ್ಕಂತೆ ಬೀಳಬೇಕು. ಸಣ್ಣ ಸೈಟಿನವರ ಮೇಲೆ ಬೊಟ್ಟುಮಾಡಿ ಎಕರೆಗಟ್ಟಲೆ ಪಾರ್ಕಿಂಗ್ ಹಾಸಿದ ಟೆಕ್‌ಪಾರ್ಕುಗಳನ್ನು ಬಿಡುವುದು ಅನ್ಯಾಯ. 2016ರ ಆಗಸ್ಟಿನಲ್ಲಿ ಮಳೆನೀರು ಹರಿಯುವ ರಾಜಕಾಲುವೆಗಳ ಒತ್ತುವರಿ ತೆರವಿನ ಹೆಸರಿನಲ್ಲಿ, ಖಾತೆ, ಬ್ಯಾಂಕ್ ಸಾಲದ ಪತ್ರ ಹಿಡಿದು ನಿಂತವರ ಮನೆಗಳೂ ಉರುಳಿದವು. ಕಾಲುವೆಗೆ ಅಷ್ಟು ಅಗಲ ಬೇಕಾದದ್ದು ಯಾರ ನೀರಿಗೆ? ದಿಬ್ಬದ ಮೇಲಿನ ಬಡಾವಣೆಗಳವರು ಒಂದು ಇಟ್ಟಿಗೆಯನ್ನೂ ಕಳೆದುಕೊಳ್ಳಲಿಲ್ಲ. ಜರ್ಮನಿಯ ನಗರಗಳಲ್ಲಿ ಮುಚ್ಚಿದ ನೆಲದ ಚದರ ಮೀಟರ್ ಲೆಕ್ಕದಲ್ಲಿ ಮಳೆನೀರಿಗೆ ಬೇರೆಯೇ ಶುಲ್ಕವಿದೆ, ನೀರು ಇಂಗಿಸಿದವರಿಗೆ ಅದು ಕಡಿಮೆ. ಇಲ್ಲಿಯೂ ಆಸ್ತಿ ತೆರಿಗೆಯ ಜೊತೆಗೆ ಅಂಥ ಶುಲ್ಕ ಎತ್ತಬೇಕು. ಆ ಹಣದಿಂದ ಮೊದಲು ಆಗಬೇಕಾದದ್ದು, ಕಾಲುವೆಯಂಚಿನಲ್ಲಿ ತಿಳಿಯದೆ ಸೈಟು ಕೊಂಡು ಮನೆ ಕಳೆದುಕೊಂಡ ಕುಟುಂಬಗಳಿಗೆ ಬೇರೆ ಕಡೆ ಸೂರು.