ಮಗಳು ಯಾರಿಗೆಲ್ಲ ‘ರೀ’ ಅನ್ನಬೇಕು?

ಡೈರಿ ಮಿಲ್ಕ್ ಮಾಡಿದ ಕ್ಯಾಡ್ಬರಿಯವರೂ ಕಿಟ್‌ಕ್ಯಾಟ್ ಮಾಡಿದ ರೌನ್‌ಟ್ರೀಯವರೂ ಒಂದೇ ಪಂಥದವರು, ಕ್ವೇಕರ್‌ಗಳು. ಕ್ವಿಜ್‌ನಲ್ಲಿ ಒಂದು ಮಾರ್ಕ್ಸ್ ಸಿಗೋ ವಿಷಯ, ಅಷ್ಟೇ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆನ್‌ಸೈಟ್ ಅಂತ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ನಮ್ಮ ಟೀಮಿನ ಹಿರಿಯ ಟೆಸ್ಟರ್ ಒಬ್ಬರು ಕ್ವೇಕರ್ ಆಗಿದ್ದರು. ಅವರು ತಮ್ಮ ಇಬ್ಬರು ಮಕ್ಕಳನ್ನ ಬೆಳೆಸೋ ರೀತಿ ನೋಡಿ ನನಗೆ ಕುತೂಹಲ ಹುಟ್ಟಿತು. ಈಗ ನನಗೂ ಐದು ವರ್ಷದ ಮಗಳಿದ್ದಾಳೆ. ಊರಲ್ಲಿ ಅವ್ವ ಒಂದೇ ಪ್ರಶ್ನೆ ಹಿಡಿದು ಕೂತಿದ್ದಾಳೆ: ಕೂಸಿಗೆ ಲಿಂಗ ಕಟ್ಟಿಸೋದು ಯಾವಾಗ?

ಒಂದು ಭಾನುವಾರ ಆ ಟೆಸ್ಟರ್ ಜೊತೆ ಅವರ ಪ್ರಾರ್ಥನೆಗೆ ಹೋಗಿದ್ದೆ. ಪ್ರಾರ್ಥನೆ ಅಂತ ಕರೆಯೋಕೂ ಕಷ್ಟ. ಪಾದ್ರಿ ಇಲ್ಲ, ಹಾಡಿಲ್ಲ, ಗಂಟೆಯಿಲ್ಲ. ದುಂಡಗೆ ಕುರ್ಚಿ ಹಾಕಿಕೊಂಡು ಒಂದು ತಾಸು ಸುಮ್ಮನೆ ಕೂತರು. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಎರಡು ಮಾತು ಹೇಳಬಹುದು. ಅವತ್ತು ಯಾರೂ ಏಳಲಿಲ್ಲ. ಮಕ್ಕಳು ಮೊದಲ ಕಾಲು ತಾಸು ದೊಡ್ಡವರ ಜೊತೆ ಕೂತು, ಆಮೇಲೆ ಪಕ್ಕದ ಕೋಣೆಗೆ ಆಡೋಕೆ ಹೋದವು. ಪ್ರತಿ ಮನುಷ್ಯನೊಳಗೂ ದೇವರ ಅಂಶ ಇದೆ, ಮಗುವಿನೊಳಗೂ ಇದೆ, ಮೇಲಿನಿಂದ ತುಂಬೋದು ಏನೂ ಇಲ್ಲ, ಪಕ್ಕದಲ್ಲಿ ಕೂತರೆ ಸಾಕು ಅನ್ನೋದು ಅವರ ನಂಬಿಕೆ.

ನನಗಿದು ಅಷ್ಟೇನೂ ಹೊಸದು ಅನಿಸಲಿಲ್ಲ. ಬ್ಯಾಡಗಿ ತಾಲೂಕಿನ ನಮ್ಮ ಮನೆಯಲ್ಲಿ ನನ್ನ ಅಜ್ಜಿ ದಿನಾ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದಳು. ನಡುವೆ ಪೂಜಾರಿ ಇಲ್ಲ. ನಾವು ಹುಡುಗರು ಪಕ್ಕದಲ್ಲಿ ಗದ್ದಲ ಮಾಡದೆ ಕೂತರೆ ಕೊನೆಗೆ ಕೊಬ್ಬರಿ ಬೆಲ್ಲ ಸಿಗುತ್ತಿತ್ತು. (ಸುಮ್ಮನೆ ಕೂತಿದ್ದು ಕೊಬ್ಬರಿ ಬೆಲ್ಲಕ್ಕೇ, ಅನುಮಾನ ಬೇಡ.)

ಆದರೆ ಕ್ವೇಕರ್‌ಗಳ ಬಗ್ಗೆ ಓದಿದಾಗ ನನ್ನನ್ನ ಹಿಡಿದು ನಿಲ್ಲಿಸಿದ್ದು ಅವರ ಮೌನಕ್ಕಿಂತ ಅವರ ಮಾತು. 1650ರ ಸುಮಾರಿನಲ್ಲಿ ಜಾರ್ಜ್ ಫಾಕ್ಸ್ ಅನ್ನೋನು ಈ ಪಂಥ ಶುರು ಮಾಡಿದಾಗ ಇಂಗ್ಲಿಷಿನಲ್ಲೂ ನಮ್ಮ ಹಾಗೆ ‘ನೀನು’, ‘ನೀವು’ ಬೇರೆಬೇರೆ ಇದ್ದವು. ದೊಡ್ಡವರಿಗೆ, ದುಡ್ಡಿದ್ದವರಿಗೆ ‘ಯೂ’. ಆಳಿಗೆ, ಮಕ್ಕಳಿಗೆ ‘ದೌ’. ಫಾಕ್ಸ್‌ನ ಜನ ಎಲ್ಲರಿಗೂ ‘ದೌ’ ಅಂದರು, ನ್ಯಾಯಾಧೀಶನಿಗೂ. ಟೋಪಿಯನ್ನ ಯಾರ ಮುಂದೆಯೂ ತೆಗೆಯಲಿಲ್ಲ. ಹೊಡೆತ ತಿಂದರು, ಜೈಲಿಗೂ ಹೋದರು. ಎಲ್ಲರೊಳಗೂ ದೇವರಿದ್ದರೆ ಒಬ್ಬನಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ ಯಾಕೆ ಅನ್ನೋದು ಅವರ ಲೆಕ್ಕ.

ಈಗ ನಮ್ಮೂರಿಗೆ ಬರೋಣ. ಅಲ್ಲಿ ನಾಲ್ಕು ವರ್ಷದ ಹುಡುಗ ಎಪ್ಪತ್ತು ದಾಟಿದ ಆಳಿನ ಹೆಸರು ಹಿಡಿದು ‘ಬಾರೋ ಇಲ್ಲೆ’ ಅಂತಾನೆ. ಆ ಮುದುಕ ‘ಬಂದ್ನಿರೀ ಸಣ್ಣ ಗೌಡ್ರ’ ಅಂತಾನೆ. ಅದೇ ಹುಡುಗ ಓಣಿಯ ಇನ್ನೊಬ್ಬ ಮುದುಕನಿಗೆ, ಅವನು ನಯಾಪೈಸೆ ಕೆಲಸ ಮಾಡದೆ ಕಟ್ಟೆ ಮೇಲೆ ಕೂತವನಾದರೂ, ‘ಅಜ್ಜಾರ, ಬರ್ರಿ’ ಅಂತಾನೆ. ಜಾತಿ ಅಂದರೇನು ಅಂತ ಆ ಹುಡುಗನಿಗೆ ಯಾರೂ ಪಾಠ ಮಾಡಿರೋದಿಲ್ಲ. ಕ್ರಿಯಾಪದದ ಬಾಲದಲ್ಲೇ ಅವನು ಪೂರ್ತಿ ಸಿಲಬಸ್ ಕಲಿತಿರುತ್ತಾನೆ. ಶಾಲೆಯಲ್ಲಿ ಬಸವಣ್ಣನ ಪಾಠ ಬರೋ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತೆ.

ಬೆಂಗಳೂರಲ್ಲಿ ಹಾಗಿಲ್ಲ ಅಂತ ಹೇಳೋರು ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಫ್ಲ್ಯಾಟ್ ಇದ್ದವರು ಅಂಕಲ್, ಆಂಟಿ. ಐವತ್ತೈದು ವರ್ಷದ ಸೆಕ್ಯುರಿಟಿ ‘ಭಯ್ಯಾ’. ಮೂರು ವರ್ಷದ ಮಗುವಿಗೂ ಇದು ಗೊತ್ತು, ಒಂದು ಸಲವೂ ತಪ್ಪೋದಿಲ್ಲ.

ಕ್ವೇಕರ್‌ಗಳು ಎಲ್ಲರನ್ನೂ ‘ನೀನು’ ಮಟ್ಟಕ್ಕೆ ಇಳಿಸಿದರು. ನಮ್ಮ ಶರಣರು ಅದಕ್ಕೂ ಐನೂರು ವರ್ಷ ಮೊದಲು ಎಲ್ಲರನ್ನೂ ‘ಅಪ್ಪ’, ‘ಅಯ್ಯ’ ಅಂತ ಮೇಲಕ್ಕೆ ಏರಿಸಿದರು. ನನಗೆ ಎರಡನೇದೇ ಇಷ್ಟ. ಮಾತಿನಲ್ಲಿ ಮಾತ್ರ ಅಲ್ಲ, ಮಕ್ಕಳ ವಿಷಯದಲ್ಲೂ ಅವರು ಹಾಗೇ ನಡೆದುಕೊಂಡರು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಆಯಿತು, ಅದಕ್ಕೆ ಇಬ್ಬರು ಅಪ್ಪಂದಿರೂ ಬಿಜ್ಜಳನ ಶಿಕ್ಷೆಗೆ ಪ್ರಾಣ ಕೊಟ್ಟರು ಅಂತ ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ನಂಬಿದ್ದನ್ನ ಮಕ್ಕಳ ಬದುಕಿನವರೆಗೂ ತಂದರೆ ಆಗ ಬೆಲೆ ಅಷ್ಟಿತ್ತು.

ಕ್ವೇಕರ್‌ಗಳೂ ದೇವತೆಗಳೇನಲ್ಲ. ಅಮೆರಿಕಕ್ಕೆ ಹೋದ ಕ್ವೇಕರ್‌ಗಳಲ್ಲಿ ಅನೇಕರ ಮನೆಯಲ್ಲಿ ಗುಲಾಮರಿದ್ದರು. ಇದು ತಪ್ಪು ಅಂತ ಜರ್ಮನ್‌ಟೌನ್‌ನ ನಾಲ್ಕು ಜನ ಬರೆದುಕೊಟ್ಟಿದ್ದು 1688ರಲ್ಲಿ. ಗುಲಾಮರನ್ನ ಇಟ್ಟುಕೊಂಡವರು ನಮ್ಮಲ್ಲಿ ಇರಕೂಡದು ಅಂತ ಫಿಲಡೆಲ್ಫಿಯಾದ ಸಭೆ ತೀರ್ಮಾನ ಮಾಡಿದ್ದು 1776ರಲ್ಲಿ. ನಡುವೆ 88 ವರ್ಷ. ಇನ್ನೊಂದು ವಿಚಿತ್ರ ನೋಡಿ. ಕಾಲಕ್ರಮದಲ್ಲಿ ಇಡೀ ಇಂಗ್ಲೆಂಡು ‘ದೌ’ ಬಿಟ್ಟು ಎಲ್ಲರಿಗೂ ‘ಯೂ’ ಅನ್ನೋಕೆ ಶುರು ಮಾಡಿತು. ಕ್ವೇಕರ್‌ಗಳು ಮಾತ್ರ ತಮ್ಮ ತಮ್ಮೊಳಗೆ ಹಳೇ ಮಾತನ್ನೇ ಉಳಿಸಿಕೊಂಡರು. ಸಮಾನತೆಗೆ ಅಂತ ಹುಟ್ಟಿದ ಮಾತು ‘ನಾವು ಬೇರೆ’ ಅಂತ ತೋರಿಸೋ ಗುರುತಾಯಿತು. ಕ್ವೇಕರ್ ಅಪ್ಪ ಅಮ್ಮನಿಗೆ ಹುಟ್ಟಿದರೆ ಸಾಕು, ಮಗು ತಾನಾಗೇ ಸದಸ್ಯ ಅನ್ನೋ ನಿಯಮವೂ ಬಹಳ ಕಾಲ ಇತ್ತು.

ಲಿಂಗದ ಕತೆಯೂ ಇದೇ ಅಲ್ಲವಾ? ಹುಟ್ಟಿನ ಲೆಕ್ಕ ಬೇಡ ಅಂತ ಯಾರ ಅಂಗೈಗಾದರೂ ಕೊಟ್ಟಿದ್ದನ್ನ ನಾವು ಹುಟ್ಟಿನ ಲೆಕ್ಕಕ್ಕೇ ಕಟ್ಟುತ್ತ ಬಂದೆವು. ಕೊರಳಲ್ಲಿ ಲಿಂಗ ಇದ್ದು ನಡತೆ ಬದಲಾಗದವರನ್ನ ಅಂಬಿಗರ ಚೌಡಯ್ಯ ಅವತ್ತೇ ಬೈದಿದ್ದ. ಅವನ ಹೆಸರಿನ ಚೌಡಯ್ಯದಾನಪುರ ನಮ್ಮ ಪಕ್ಕದ ರಾಣೆಬೆನ್ನೂರು ತಾಲೂಕಿನಲ್ಲೇ, ತುಂಗಭದ್ರೆಯ ದಂಡೆ ಮೇಲಿದೆ. ಹಾಗಾಗಿ ಮಗಳು ದೊಡ್ಡವಳಾಗಿ ತಾನೇ ಕೇಳಿದರೆ ಕಟ್ಟಿಸೋಣ ಅಂತ ಅವ್ವನಿಗೆ ಹೇಳಿದೆ.

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತದೆ ಅಂದಳು, ‘ಲಿಂಗಾ ಕಟ್ಟಾಕ ಕೂಸಿನ್ನ ಕೇಳಬೇಕಂತಿ. ಕನ್ನಡಾ ಕಲಸೂ ಮುಂದ ಕೇಳಿದ್ದಿಯೇನು? ಇಂಗ್ಲಿಷ್ ಸಾಲಿಗೆ ಹಾಕೂ ಮುಂದ ಕೇಳಿದ್ದಿಯೇನು?’

ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಮಕ್ಕಳಿಗೆ ಏನನ್ನೂ ಕೊಡದೆ ‘ನೀನೇ ಆರಿಸಿಕೋ’ ಅನ್ನೋದು ಕೇಳೋಕೆ ಚೆಂದ. ಆದರೆ ನಾವು ಸುಮ್ಮನಿದ್ದರೆ ಆ ಜಾಗ ಖಾಲಿ ಉಳಿಯಲ್ಲ, ಲಿಫ್ಟ್ ಹತ್ತಿರದ ಧರ್ಮ ಬಂದು ಕೂರುತ್ತೆ. ಭಾಷೆಯನ್ನೂ ಕೇಳದೇ ಕೊಟ್ಟಿದ್ದೇವೆ, ಆ ಭಾಷೆಯ ಒಳಗೆ ‘ಬಾರೋ’, ‘ಬರ್ರಿ’ ಎರಡನ್ನೂ ಸೇರಿಸಿಯೇ ಕೊಟ್ಟಿದ್ದೇವೆ. ನನ್ನ ಹೆಂಡತಿಯ ಪ್ರಶ್ನೆ ಇನ್ನೂ ನೇರ: ‘ಕಟ್ಟೋದು ಒಂದು ದಿನದ ಕೆಲಸ. ದಿನಾ ಬೆಳಿಗ್ಗೆ ಅವಳ ಪಕ್ಕ ಕೂರೋರು ಯಾರು? ಆ ಹೊತ್ತಿಗೆ ನಿಮಗೆ ಕಾಲ್ ಇರುತ್ತಲ್ಲ.’

ಕ್ವೇಕರ್‌ಗಳ ಇನ್ನೊಂದು ಪದ್ಧತಿಯನ್ನೂ ಮನೆಗೆ ತರೋಣ ಅಂತ ಯೋಚಿಸಿದ್ದೆ. ಅವರ ಅಂಗಡಿಯಲ್ಲಿ ಒಂದೇ ದರ, ಚೌಕಾಸಿ ಇಲ್ಲ. ಚಿಕ್ಕ ಮಗುವನ್ನ ಸಾಮಾನಿಗೆ ಕಳಿಸಿದರೂ ಮೋಸ ಆಗೋದಿಲ್ಲ ಅಂತ ಜನ ನಂಬಿದ್ದನ್ನ ಫಾಕ್ಸ್ ಸ್ವತಃ ಬರೆದಿಟ್ಟಿದ್ದಾನೆ. ಇದನ್ನ ಅಪ್ಪನಿಗೆ ಹೇಳಿದರೆ ನಕ್ಕ. ಹಾವೇರಿಯ ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದವನು ಅವನು. ‘ಒಂದ ದರಾ ಹೇಳಾಕ ದರಾ ನಂದಿರಬೇಕಲ್ಲಪಾ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ನನ್ನ ಮೆಣಸಿನಕಾಯಿ ದರಾ ನಾ ಎಂದರೆ ಹೇಳೀನೇನು?’ ಅಂದ. ಹೌದು, ಒಂದೇ ದರದ ಸತ್ಯ ಅಂಗಡಿ ಇಟ್ಟವನಿಗೆ ಸುಲಭ. ಚೀಲ ತಂದು ರಾಶಿ ಸುರಿದು ಬೇರೆಯವರು ದರ ಹಾಕೋದನ್ನ ಕಾಯೋನಿಗೆ ಆ ಸೌಲಭ್ಯ ಇಲ್ಲ. ಅದನ್ನ ಅಲ್ಲಿಗೇ ಬಿಟ್ಟೆ.

ಬಿಡದೇ ಇರೋದು ‘ರೀ’. ನಮ್ಮ ಮನೆಯಲ್ಲಿ ಈಗ ಅಡುಗೆಗೆ ಬರೋ ಅಮ್ಮನಿಗೆ, ಸೆಕ್ಯುರಿಟಿಗೆ, ಪಾರ್ಸಲ್ ತರೋ ಹುಡುಗನಿಗೆ ಎಲ್ಲರಿಗೂ ಬಹುವಚನ. ಮಗಳಿಗೆ ಹೇಳಿಕೊಟ್ಟಿಲ್ಲ, ನಾವು ಅನ್ನುತ್ತೇವೆ, ಅವಳು ಅನ್ನುತ್ತಾಳೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಎಪ್ಪತ್ತು ದಾಟಿದ ಅಜ್ಜ ದನ ಹೊಡೆದುಕೊಂಡು ಬಂದರು. ಮಗಳು ‘ಅಜ್ಜಾ, ಕೂತ್ಕೊಳ್ಳಿ’ ಅಂತ ಪಡಸಾಲೆಯ ಕುರ್ಚಿ ತೋರಿಸಿದಳು. ಅವರು ಕೂರಲಿಲ್ಲ. ಅವ್ವನ ಮುಖ ನೋಡಿದರು. ಅವ್ವ ನನ್ನ ಮುಖ ನೋಡಿದಳು. ‘ಕೂಸು ಅಂದೈತಲ್ಲ, ಕುಂದರೋ’ ಅಂದಳು ಕೊನೆಗೆ.

ಅಜ್ಜ ಕುರ್ಚಿ ಬಿಟ್ಟು ಕಟ್ಟೆಯ ತುದಿಗೆ ಕೂತರು. ಲಿಂಗದ ಮಾತು ಅವ್ವ ಅವತ್ತು ಎತ್ತಲಿಲ್ಲ. ಶಿವರಾತ್ರಿಗೆ ಹೋದಾಗ ಎತ್ತೇ ಎತ್ತುತ್ತಾಳೆ.